ಟೇಪಿನಲ್ಲಿ ಇಬ್ಬರಿದ್ದಾರೆ

ಗುಡ್ಲೆಟ್ಸ್‌ವಿಲ್, ಟೆನೆಸಿ
ಫೆಬ್ರವರಿ 5, 2024

ಪ್ರೀತಿಯ ಡೆಲ್ಸಿ,

ಕವರಿನ ಮೇಲೆ ನನ್ನ ಕೈಬರಹ ನೋಡಿದ ಕೂಡಲೇ ನೀನು ಇದನ್ನು ಒಲೆಗೆ ಹಾಕಿದರೂ ಹಾಕಬಹುದು. ಮೂವತ್ತು ವರ್ಷ ಊರವರ ಕಾಗದಗಳನ್ನೆಲ್ಲ ಮನೆಮನೆಗೆ ಮುಟ್ಟಿಸಿದವಳು ತನಗೆ ಬಂದದ್ದನ್ನು ಓದದೆ ಬಿಡಲಾರಳು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಆರು ವರ್ಷದಿಂದ ನಮ್ಮಿಬ್ಬರ ನಡುವೆ ಓಡಾಡಿದ್ದು ಕ್ರಿಸ್‌ಮಸ್ ಕಾರ್ಡು, ಅದರ ಕೆಳಗೊಂದು ಸಹಿ, ಅಷ್ಟೇ.

ನನ್ನ ಗಂಟಲಿನ ಸುದ್ದಿ ನಿನಗೆ ಗೊತ್ತಿರಬೇಕು. ಕ್ಯಾನ್ಸರಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿ ನಾಲ್ಕು ವರ್ಷವಾಗುತ್ತ ಬಂತು. ಈಗ ಕತ್ತಿನ ಬುಡದ ತೂತಿನಿಂದ ಉಸಿರಾಡುತ್ತೇನೆ. ಮಾತಾಡಬೇಕೆಂದರೆ ಟಾರ್ಚಿನಂಥ ಯಂತ್ರವೊಂದನ್ನು ಗಂಟಲಿಗೆ ಒತ್ತಿ ಹಿಡಿಯಬೇಕು. ತಗಡಿನ ಡಬ್ಬಿಯಲ್ಲಿ ಜೀರುಂಡೆ ಸಿಕ್ಕಿಕೊಂಡಂತೆ ಸದ್ದು. ಫೋನಿನಲ್ಲಿ ಜನ ಅರ್ಧಕ್ಕೇ ಇಟ್ಟುಬಿಡುತ್ತಾರೆ. ಅದಕ್ಕೇ ಕಾಗದ.

ಈಗ ರೆಕಾರ್ಡ್ ಕಂಪನಿಯವರು ಒಂದು ಕೆಲಸಕ್ಕೆ ಕೈಹಾಕಿದ್ದಾರೆ. ನನ್ನ ಹಳೆಯ ಟೇಪುಗಳನ್ನೆಲ್ಲ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಕೇಳಿಸಿ, ನನ್ನ ದನಿಯನ್ನು ಅದಕ್ಕೆ ಕಲಿಸುವುದು. ಆಮೇಲೆ ನನ್ನ ಹೊಸ ಹಾಡನ್ನು ಬೇರೆ ಯಾರಾದರೂ ಹಾಡಬೇಕು. ಆ ಹಾಡಿಕೆಯ ಮೇಲೆ ಯಂತ್ರ ನನ್ನ ದನಿ ಹೊದಿಸುತ್ತದೆ. ಮೂವರು ಹಾಡಿ ನೋಡಿದರು. ಮೂರು ಸಲವೂ, ರಾಯ್ಸ್ ಕಾಡಿಲ್ ಎಂಬವನು ಕುಡಿದು ರಾಯ್ಸ್ ಕಾಡಿಲ್‌ನನ್ನೇ ಅಣಕಿಸುತ್ತಿರುವಂತೆ ಕೇಳಿಸಿತು. ಈ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಥೀಡಾ ಪ್ರುಯಿಟ್ ಅನ್ನುವ ಹೆಂಗಸು, ನಮ್ಮದೇ ವಯಸ್ಸಿನ ಹತ್ತಿರದವಳು. ಅವಳು ಹೇಳಿದಳು: "ಮಿಸ್ಟರ್ ರಾಯ್ಸ್, ದನಿ ನಿಮ್ದೇ, ಉಸಿರು ನಿಮ್ದಲ್ಲ. ನೀವು ಉಸಿರು ತಗೊಳ್ಳೋ ಕಡೇನೇ ತಗೊಳ್ಳೋರು ಯಾರಾದ್ರೂ ಇದ್ದಾರಾ ಭೂಮಿ ಮೇಲೆ?"

ಸ್ಲೇಟಿನ ಮೇಲೆ ನಿನ್ನ ಹೆಸರು ಬರೆದೆ.

ಇಬ್ಬರೂ ಒಟ್ಟಿಗೆ ಹಾಡುತ್ತಿದ್ದರೂ ಕಾಂಟ್ರಾಕ್ಟಿನಲ್ಲಿ ನನ್ನೊಬ್ಬನ ಹೆಸರು ಹಾಕಿದ್ದು ನಲವತ್ತು ವರ್ಷದ ಹಿಂದಿನ ಮಾತು. ಆ ಸಿಟ್ಟನ್ನು ಎರಡು ದಿನದ ಮಟ್ಟಿಗೆ ಬದಿಗಿಟ್ಟು ಬರುತ್ತೀಯಾ?

ರಾಯ್ಸ್


ಜೆಂಕಿನ್ಸ್, ಕೆಂಟಕಿ
ಫೆಬ್ರವರಿ 19, 2024

ರಾಯ್ಸ್,

ಒಲೆಗೆ ಹಾಕಲು ನಮ್ಮ ಮನೆಯಲ್ಲಿ ಒಲೆ ಇಲ್ಲ. ಸೌದೆ ಒಲೆ ತೆಗೆಸಿ ಒಂದು ವರ್ಷವಾಯಿತು.

ನಿನ್ನ ಕಾಗದವನ್ನು ಎಸ್ಟಿಲ್‌ಗೆ ಓದಿ ಹೇಳಿದೆ. "ನಿಮ್ಮಣ್ಣಂಗೆ ಯಂತ್ರ ಒಂದೇ ಸಾಲ್ದಂತಾ? ನೀನೂ ಬೇಕಂತಾ?" ಅಂದು ನಕ್ಕ. ನನ್ನ ಗಂಡ ಯಾವುದಕ್ಕೆ ಬೇಕಾದರೂ ನಗುತ್ತಾನೆ, ನಿನಗೆ ಗೊತ್ತಲ್ಲ.

ನನಗೆ ಅರವತ್ತೆರಡು. ದಿನಕ್ಕೆ ಎಪ್ಪತ್ತು ಮೈಲಿ, ಬಲಗಡೆ ಸೀಟಿನಲ್ಲಿ ಕೂತು ಎಡಗಡೆಯ ಸ್ಟೀರಿಂಗನ್ನು ಎಡಗೈಯಲ್ಲಿ ಹಿಡಿದು, ಕಿಟಕಿಯಿಂದ ಕೈ ಹೊರಗೆ ಚಾಚಿ ಟಪಾಲು ಹಾಕುವವಳು. ಭಾನುವಾರ ಚರ್ಚಿನಲ್ಲಿ ಬಿಟ್ಟರೆ ಎಲ್ಲೂ ಹಾಡುವುದಿಲ್ಲ. ಅಲ್ಲಿ ಗಿಟಾರಿಲ್ಲ, ಮೈಕಿಲ್ಲ, ಯಾರ ದನಿ ಯಾರದೆಂದು ಕೇಳುವವರೂ ಇಲ್ಲ.

ನಿನಗೆ ಬೇಕಾಗಿರುವುದು ನನ್ನ ಉಸಿರು. ಅದನ್ನಾದರೂ ಮುಚ್ಚಿಡದೆ ಬರೆದಿದ್ದೀಯ, ಅಷ್ಟರ ಮಟ್ಟಿಗೆ ಸಂತೋಷ. ನನ್ನ ಸಿಟ್ಟು ಕಾಂಟ್ರಾಕ್ಟಿನದು ಎಂದು ನೀನು ಈ ವಯಸ್ಸಿನಲ್ಲೂ ತಿಳಿದುಕೊಂಡಿರುವುದು ಮಾತ್ರ ಆಶ್ಚರ್ಯ.

ಡೆಲ್ಸಿ


ಗುಡ್ಲೆಟ್ಸ್‌ವಿಲ್
ಫೆಬ್ರವರಿ 27, 2024

ಡೆಲ್ಸಿ,

ಕಾಂಟ್ರಾಕ್ಟಲ್ಲದಿದ್ದರೆ ಮತ್ತೇನು? ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿಲ್ಲ. ಬಂದಾಗ ಎದುರಿಗೇ ಬೈದುಬಿಡು. ತಿರುಗಿ ವಾದ ಮಾಡಲು ನನಗೆ ಗಂಟಲಿಲ್ಲ, ಇದಕ್ಕಿಂತ ಒಳ್ಳೆಯ ಅವಕಾಶ ನಿನಗೆ ಸಿಗದು.

ಮೊನ್ನೆ ಥೀಡಾ ಮನೆಗೆ ಬಂದು ಯಂತ್ರ ಹಾಡಿದ ಎರಡು ಸಾಲು ಕೇಳಿಸಿದಳು. ಅಡಿಗೆಮನೆಯಲ್ಲಿ ಬಿಸ್ಕೆಟ್ ಹಿಟ್ಟು ನಾದುತ್ತಿದ್ದ ಮರ್ನಾ, ಯಾವುದೋ ಹಳೆಯ ರೆಕಾರ್ಡು ಅಂದುಕೊಂಡು ತಾನೂ ಗುನುಗಲು ಶುರುಮಾಡಿದಳು. ಮಾತು ಹೊಸದು ಎಂದು ಗೊತ್ತಾದದ್ದೇ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಇದನ್ನ ಯಾವಾಗ ಹಾಡಿದ್ದೆ ನೀನು?"

"ನಿನ್ನೆ" ಅಂತ ಸ್ಲೇಟಿನಲ್ಲಿ ಬರೆದೆ. ನನ್ನ ಹೆಂಡತಿ ಹಿತ್ತಲಿಗೆ ಹೋದವಳು ಅರ್ಧ ಗಂಟೆ ಒಳಗೇ ಬರಲಿಲ್ಲ. ಆ ದಿನದಿಂದ ಯಂತ್ರಕ್ಕೆ "ಆ ಭೂತ" ಅಂತ ಹೆಸರಿಟ್ಟಿದ್ದಾಳೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ ಕಣೇ. ಮನೆಯೊಳಗೆ ಕಿಟಕಿಯಿಂದ ಕಿಟಕಿಗೆ ತಿರುಗುತ್ತೇನೆ. ಕಾರು ತೆಗೆದುಕೊಂಡು ಹೆದ್ದಾರಿಗೆ ಹೋಗಿ ಏನೂ ಕೊಳ್ಳದೆ ವಾಪಸು ಬರುತ್ತೇನೆ. ಆ ಎರಡು ಸಾಲು ತಪ್ಪಾಗಿವೆ, ಎಲ್ಲಿ ತಪ್ಪಾಗಿವೆ ಎಂದೂ ನನಗೆ ಗೊತ್ತು. ಬಾಯಿಂದ ತೋರಿಸಲು ಮಾತ್ರ ಆಗದು. ಹಾಡಿ ತೋರಿಸಲು ನೀನಿದ್ದೀಯ.

ಮಾರ್ಚ್ 18, 19ಕ್ಕೆ ಸ್ಟುಡಿಯೋ ಗೊತ್ತುಮಾಡಿದ್ದಾರೆ.

ರಾಯ್ಸ್


ಜೆಂಕಿನ್ಸ್
ಮಾರ್ಚ್ 8, 2024

ರಾಯ್ಸ್,

ಬರುತ್ತೇನೆ. "ಹೋಗ್ಬಾರೇ. ಎರಡು ದಿನ ನಿನ್ನ ಬೀನ್ಸ್ ಸಾರು ತಪ್ಪುತ್ತೆ, ಬದುಕ್ಕೋತೀನಿ" ಅಂದ ಎಸ್ಟಿಲ್. ನನ್ನ ಬದಲಿಗೆ ಟಪಾಲು ಹಾಕಲು ಜನ ನೋಡಿದ್ದೇನೆ.

ಒಂದು ಷರತ್ತು. 1984ರಲ್ಲಿ ನಿನಗೆ ಹೆಸರು ತಂದ "ನಿನ್ನ ಬಾಗಿಲ ಚಿಲಕ" ಹಾಡುವುದಿಲ್ಲ. ಅಭ್ಯಾಸಕ್ಕೆಂದೂ ಬೇಡ, ಯಂತ್ರಕ್ಕೆ ತೋರಿಸಲೆಂದೂ ಬೇಡ. ಏಕೆಂದು ನಿನಗೆ ಗೊತ್ತು.

ಡೆಲ್ಸಿ


ಗುಡ್ಲೆಟ್ಸ್‌ವಿಲ್
ಮಾರ್ಚ್ 21, 2024

ಡೆಲ್ಸಿ,

ಹದಿನೆಂಟರ ಬೆಳಿಗ್ಗೆ ಎಂಟಕ್ಕೆ ಸ್ಟುಡಿಯೋದ ಬಾಗಿಲಲ್ಲಿ ನಿನಗಾಗಿ ಕಾದು ನಿಂತೆ. ಹತ್ತೊಂಬತ್ತರ ಸಂಜೆ ಐದಕ್ಕೆ ಹೊರಟೆ. ಎರಡು ದಿನ. ಥೀಡಾ ಪಾಪ ಖಾರದ ಚಿಕನ್ ತರಿಸಿ, ನನ್ನ ಮುಖ ನೋಡುವುದನ್ನು ತಪ್ಪಿಸಲೆಂದೇ ತಿನ್ನುತ್ತ ಕೂತಿದ್ದಳು. ಮರ್ನಾ ನಿನ್ನ ಮನೆಗೆ ಆರು ಸಲ ಫೋನು ಮಾಡಿದಳು. ಯಾರೂ ಎತ್ತಲಿಲ್ಲ.

ಬರುವುದಿಲ್ಲ ಎಂದು ಮೊದಲೇ ಬರೆಯಬಹುದಿತ್ತು. ಆದರೆ ಅದರಲ್ಲಿ ಮಜಾ ಇರುತ್ತಿರಲಿಲ್ಲ, ಅಲ್ಲವೇ? ಕಂಪನಿಯವರ ಮುಂದೆ ನನ್ನನ್ನು ಹಾಗೆ ನಿಲ್ಲಿಸಲು ನೀನು ನಲವತ್ತು ವರ್ಷ ಕಾದಿದ್ದೀಯ. ಗೆದ್ದೆ, ಸಂತೋಷಪಡು. ಎಸ್ಟಿಲ್‌ಗೂ ಹೇಳು, ಅವನೂ ನಗಲಿ.

ರಾಯ್ಸ್


ಗುಡ್ಲೆಟ್ಸ್‌ವಿಲ್
ಏಪ್ರಿಲ್ 16, 2024

ಡೆಲ್ಸಿ,

ನಿನ್ನಿಂದ ಉತ್ತರವಿಲ್ಲ. ಬೇಕಾದದ್ದೇ. ಹೋದ ಸಲದ ಕಾಗದವನ್ನು ಡಬ್ಬಿಗೆ ಹಾಕಿದ ಮರುದಿನವೇ ಅದು ಬೇಡವಾಗಿತ್ತು ಅನ್ನಿಸಿತು. ಅನ್ನಿಸಿದ್ದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಇನ್ನೊಂದು ವಿಷಯ ನಿನಗಲ್ಲದೆ ಯಾರಿಗೂ ಬರೆಯುವಂತಿಲ್ಲ.

ಥೀಡಾ ಯಂತ್ರಕ್ಕೆ ಇನ್ನಷ್ಟು ಟೇಪು ಕೇಳಿಸೋಣವೆಂದು ಗೋಡೌನಿನಿಂದ 1984ರ ಮೂಲ ಟೇಪುಗಳನ್ನು ತರಿಸಿದ್ದಳು. ಹೋದ ಮಂಗಳವಾರ ಕರೆದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತಿದ್ದಳು.

"ಮಿಸ್ಟರ್ ರಾಯ್ಸ್, ಒಂದು ವಿಚಿತ್ರ ಆಗಿದೆ. 'ನಿನ್ನ ಬಾಗಿಲ ಚಿಲಕ'ದ ಕೊನೇ ಚರಣ ಬಂದ್ರೆ ಸಾಕು, ಯಂತ್ರ ಅದನ್ನ ಆಚೆಗೆ ಎತ್ತಿಡುತ್ತೆ. ಇದು ಬೇರೆಯೋರು ಅನ್ನುತ್ತೆ. ಮೂರು ಸಲ ಮಾಡಿಸ್ದೆ, ಮೂರು ಸಲಾನೂ ಹಂಗೇ. ಈ ಟೇಪಲ್ಲಿ ಇಬ್ಬರಿದ್ದಾರೆ."

ನಾನು ಸ್ಲೇಟಿನಲ್ಲಿ "ಯಂತ್ರ ತಪ್ಪು" ಎಂದು ಬರೆದೆ.

ಅವಳು ನನ್ನನ್ನೇ ನೋಡಿದಳು. "ಆಯ್ತು ಸರ್" ಅಂದಳು. ಅಲ್ಲಿಯವರೆಗೆ ಒಂದು ದಿನವೂ ನನ್ನನ್ನು ಬರೀ ಸರ್ ಅಂದವಳಲ್ಲ.

ಡೆಲ್ಸಿ, ಅಂದು ಸ್ಟುಡಿಯೋದಲ್ಲಿದ್ದದ್ದು ನಾವು ಮೂವರು. ನನಗೆ ನೆಗಡಿಯಾಗಿ ಮೂರನೆಯ ದಿನಕ್ಕೆ ಮೇಲಿನ ಸ್ವರ ಪೂರ್ತಿ ಬಿದ್ದುಹೋಗಿತ್ತು. ಇಂಜಿನಿಯರ್ ಹೋಬರ್ಟ್ ಟೇಪನ್ನು ಕೊಂಚ ಜೋರಾಗಿ ಓಡಿಸಿ ಕೊನೆಯ ಚರಣ ನಿನ್ನಿಂದ ಹಾಡಿಸಿದ. ಮಾಮೂಲಿ ವೇಗಕ್ಕೆ ತಂದಾಗ ನಿನ್ನ ದನಿ ನನ್ನ ದನಿಯ ಮಟ್ಟಕ್ಕೆ ಇಳಿಯಿತು. "ಯಾವನಿಗೂ ಗೊತ್ತಾಗಲ್ಲ" ಅಂದ. ಯಾರಿಗೂ ಗೊತ್ತಾಗಲಿಲ್ಲ. ದೇಶವೆಲ್ಲ ಆ ಚರಣಕ್ಕೇ ನನ್ನನ್ನು ತಲೆಯ ಮೇಲೆ ಹೊತ್ತಿತು. ನಾನು ವೇದಿಕೆಯ ಮೇಲೆ ಅದನ್ನು ಕೆಳಗಿನ ಸ್ವರದಲ್ಲಿ ಹಾಡಿದಾಗಲೆಲ್ಲ ಗಂಟಲು ಕಾಪಾಡಿಕೊಳ್ಳುತ್ತಿದ್ದಾನೆ ಅಂದರು. ಹೋಬರ್ಟ್ ಸತ್ತ ಮೇಲೆ ಉಳಿದವರು ನಾನು, ನೀನು. ನೀನು ಬಾಯಿಬಿಡಲಿಲ್ಲ. ನನ್ನ ಬಾಯಿ ತೆರೆದೇ ಇತ್ತು, ಹೇಳಲಿಲ್ಲ.

ಈಗ ಹೇಳಲು ದನಿಯೇ ಇಲ್ಲದಿರುವಾಗಲೂ ಎರಡು ಪದದ ಸುಳ್ಳು ಬರೆದೆ. ಆವತ್ತಿನಿಂದ ನಿದ್ದೆಯಿಲ್ಲ. ಒಂದು ಸಾಲು ಬರೆ. ಬೈದೇ ಬರೆ.

ರಾಯ್ಸ್


ಜೆಂಕಿನ್ಸ್
ಮೇ 3, 2024

ರಾಯ್ಸ್,

ಎಸ್ಟಿಲ್ ಹೋದ. ಮಾರ್ಚ್ 29ಕ್ಕೆ.

ನಾನು ಹೊರಡಬೇಕಾಗಿದ್ದ ದಿನ ಬೆಳಿಗ್ಗೆ ಚೀಲ ತುಂಬಿಸುತ್ತಿದ್ದೆ. ಹಜಾರದಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದ. ಗಣಿಯ ಧೂಳು ಅವನ ಶ್ವಾಸಕೋಶವನ್ನು ಹತ್ತು ವರ್ಷದಿಂದ ತಿನ್ನುತ್ತಿತ್ತು. ಹೋದ ವರ್ಷದಿಂದ ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಇತ್ತು, ಸೌದೆ ಒಲೆ ತೆಗೆಸಿದ್ದು ಅದಕ್ಕೇ. ನಿನಗೆ ಬರೆಯಲಿಲ್ಲ. ನಿನ್ನ ಗಂಟಲಿನ ಸುದ್ದಿಯನ್ನು ನೀನು ನನಗೆ ಬರೆದಿದ್ದೆಯಾ? ರೇಡಿಯೋದಲ್ಲಿ ಕೇಳಿದ್ದೆ.

"ಎಸ್ಟಿಲ್‌ಗೂ ಹೇಳು, ಅವನೂ ನಗಲಿ" ಎಂಬ ನಿನ್ನ ಕಾಗದ ಮಣ್ಣಿನ ದಿನ ನನ್ನ ಕೈಗೆ ಬಂತು. ನನ್ನ ಬದಲಿಗೆ ಟಪಾಲು ಹಾಕುವ ಹೆಂಗಸು ಇಷ್ಟು ದಿನದ ಕಾಗದಗಳನ್ನೆಲ್ಲ ಒಟ್ಟು ಮಾಡಿ ಚರ್ಚಿನ ಬಾಗಿಲಿಗೇ ತಂದುಕೊಟ್ಟಿದ್ದಳು. ನಿನ್ನ ಬರಹ ಕಂಡು, ಏನೋ ಸಮಾಧಾನ ಬರೆದಿರುತ್ತೀಯ ಎಂದು ಅಲ್ಲೇ ಒಡೆದೆ.

ಇನ್ನು ನನ್ನ ಸಿಟ್ಟು ಯಾವುದೆಂದು ಕೇಳಿದ್ದೆಯಲ್ಲ. ಕಾಂಟ್ರಾಕ್ಟಲ್ಲ. ಆ ಚರಣವೂ ಅಲ್ಲ. ಅದನ್ನು ನಾನು ಮನಸಾರೆ ಹಾಡಿದ್ದೆ. ನೀನು ನನ್ನ ಅಣ್ಣ, ನಿನಗೆ ಗಂಟಲು ಕಟ್ಟಿತ್ತು, ಮುಗಿಯಿತು.

1991. ಗಣಿಯಲ್ಲಿ ಸತ್ತವರ ಮನೆಯವರಿಗಾಗಿ ನೀನು ಇಲ್ಲಿಯ ಹೈಸ್ಕೂಲಿನಲ್ಲಿ ಹಾಡಲು ಬಂದಿದ್ದೆ. ನಾನು ಮುಂದಿನ ಸಾಲಿನಲ್ಲಿದ್ದೆ. ಹಿಂದಿನಿಂದ ಯಾರೋ "ಡೆಲ್ಸೀನೂ ಮೇಲೆ ಕರೀರೋ, ಅವ್ಳೂ ಹಾಡ್ತಿದ್ಲು!" ಎಂದು ಕೂಗಿದರು. ನೀನು ಮೈಕಿನಲ್ಲಿ, "ನನ್ ತಂಗೀಗೆ ಹಾಡೋಕೆಲ್ಲಿ ಬರುತ್ರೋ? ಕಾರ್ನ್‌ಬ್ರೆಡ್ ಒಂದು ಸುಡೋಕೆ ಬರುತ್ತೆ, ಅದೂ ತಳ ಹತ್ತಿಸ್ತಾಳೆ" ಅಂದೆ. ಮುನ್ನೂರು ಜನ ನಕ್ಕರು. ನಾನೂ ನಕ್ಕೆ. ಅದಾದ ಮೇಲೆ ನೀನು ಆ ಹಾಡು ಹಾಡಿದೆ.

ನಿನಗೆ ಇದು ನೆನಪೇ ಇಲ್ಲವೆಂದು ನಿನ್ನ ಕಾಗದಗಳಿಂದ ಗೊತ್ತಾಯಿತು. ಅದು ಇನ್ನೂ ಕೆಟ್ಟದಾಗಿ ತಾಗಿತು.

ಆಸ್ಪತ್ರೆಯಲ್ಲಿ ಎಸ್ಟಿಲ್‌ಗೆ ಹೇಳಿದೆ, ಆ ಚರಣ ನನ್ನದು ಅಂತ. ಮದುವೆಯಾಗಿ ಅಷ್ಟು ವರ್ಷ ಅವನಿಂದಲೂ ಮುಚ್ಚಿಟ್ಟಿದ್ದೆ. ಮುಖದ ಮಾಸ್ಕನ್ನು ಕೊಂಚ ಸರಿಸಿ ಅಂದ: "ಗೊತ್ತಿತ್ತು ಬಿಡೇ. ಪಾತ್ರೆ ತೊಳೀವಾಗ ದಿನಾ ಕೇಳಿಲ್ವಾ? ನೀನೇ ಯಾವತ್ತಾದ್ರೂ ಹೇಳ್ತೀಯ ಅಂತ ಸುಮ್ನಿದ್ದೆ."

ಯಂತ್ರ ಅಷ್ಟು ಕಷ್ಟಪಟ್ಟು ಕಂಡುಹಿಡಿದದ್ದು ನನ್ನ ಗಂಡನಿಗೆ ಗೊತ್ತಿತ್ತು.

ಡೆಲ್ಸಿ


ಗುಡ್ಲೆಟ್ಸ್‌ವಿಲ್
ಮೇ 9, 2024

ಡೆಲ್ಸಿ,

ನಿನ್ನ ಕಾಗದ ಮರ್ನಾ ಓದಿದಳು, ನಾನು ಓದಿದೆ, ಮತ್ತೆ ಓದಿದೆ. 1991ರ ಆ ಮಾತು ನನಗೆ ನೆನಪಿಲ್ಲ. ನೆನಪಿದೆ ಎಂದು ಸುಳ್ಳು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಆದರೆ ಅದು ನಾನು ಆಡಿರಬಹುದಾದ ಮಾತೇ. ಆಗ ನನಗೆ ಭಯವಿತ್ತು. ನೀನು ಮೇಲೆ ಬಂದು ಬಾಯಿಬಿಟ್ಟರೆ ಇಡೀ ಹಾಲಿಗೆ ಗೊತ್ತಾಗುತ್ತಿತ್ತು.

ಇವತ್ತು ಥೀಡಾಗೆ ಬರೆದುಕೊಟ್ಟೆ: "ಯಂತ್ರ ಸರಿ. ಅದು ನನ್ನ ತಂಗಿ." ಅವಳು ಓದಿ, "ದೇವ್ರೇ, ಎಂಥಾ ದನಿ ಮಿಸ್ಟರ್ ರಾಯ್ಸ್!" ಅಂದಳು.

ಹಾಡುವ ಮಾತು ಬೇಡ. ರೆಕಾರ್ಡೂ ಬೇಡ. ಎಸ್ಟಿಲ್‌ನ ಮಣ್ಣಿಗೆ ಬರಲಾಗಲಿಲ್ಲ, ಈಗ ಬರಲೇ? ಬೇಡವೆಂದರೂ ಬರುತ್ತೇನೆ, ಗೇಟಿನ ಹೊರಗೆ ನಿಂತು ಹೋಗುತ್ತೇನೆ.

ರಾಯ್ಸ್


ಜೆಂಕಿನ್ಸ್
ಜೂನ್ 12, 2024

ಬಬ್,

ಚಿಕ್ಕಂದಿನಲ್ಲಿ ಅಣ್ಣ ಅನ್ನುವ ಬದಲು ಬಬ್ ಅನ್ನುತ್ತಿದ್ದೆನಲ್ಲ, ಕೈ ತಾನಾಗಿ ಹಾಗೇ ಬರೆಯಿತು. ನೀನೂ ಮರ್ನಾಳೂ ಬಂದುಹೋಗಿ ಎರಡು ವಾರವಾಯಿತು. ಪಕ್ಕದ ಮನೆಯ ನಾಯಿಗಳು ಇನ್ನೂ ನಮ್ಮ ವರಾಂಡದ ಕಡೆ ಅನುಮಾನದಿಂದ ನೋಡುತ್ತವೆ. ನಿನ್ನ ಆ ಝೇಂಕಾರದ ಯಂತ್ರ ಅವುಗಳ ತಲೆ ಕೆಡಿಸಿದೆ.

ಗೋರಿಯ ಮುಂದೆ ಅದನ್ನು ಗಂಟಲಿಗೆ ಒತ್ತಿಕೊಂಡು ಎಸ್ಟಿಲ್‌ಗೆ ಏನೋ ಹೇಳಿದೆಯಲ್ಲ, ನಾನು ಬೇಕೆಂದೇ ದೂರ ನಿಂತಿದ್ದೆ. ಏನೆಂದು ಕೇಳುವುದಿಲ್ಲ. ನನ್ನ ಹತ್ತಿರ ನೀನು ಹೇಳಿದ್ದು ಎರಡೇ ಮಾತು, "ತಪ್ಪಾಯ್ತು ಸಿಸ್." ಮೊದಲ ಸಲ ಅರ್ಥವಾಗಿರಲಿಲ್ಲ. ಎರಡನೆಯ ಸಲಕ್ಕೆ ಅರ್ಥವಾಯಿತು, ಸುಮ್ಮನೆ ಇನ್ನೊಂದು ಸಲ ಹೇಳಿಸಿದೆ. ನಾಲ್ಕನೆಯ ಸಲ ಕೇಳಿದಾಗ ನಿನಗೆ ಅನುಮಾನ ಬಂತು.

ಒಂದು ವಿಷಯ ಆ ದಿನ ಹೇಳಲಿಲ್ಲ. ವರಾಂಡದಲ್ಲಿ ಕೂತು ಬಟಾಣಿ ಬಿಡಿಸುತ್ತ ನಾನು ಅಪ್ಪನ ಹಳೆಯ ಪ್ರಾರ್ಥನೆ ಹಾಡಿದೆನಲ್ಲ. ನೀನು ಕಣ್ಣು ಮುಚ್ಚಿದ್ದೆ, ತುಟಿ ಅಲುಗಲಿಲ್ಲ. ಆದರೆ ನಾನು ಉಸಿರೆಳೆದ ಕಡೆಯೆಲ್ಲ ನಿನ್ನ ಕತ್ತಿನ ತೂತು ಸುಯ್ ಎಂದಿತು. ಒಂದು ಕಡೆಯೂ ತಪ್ಪಲಿಲ್ಲ. ಸಾಲಿನ ನಡುವೆ ಯಾರೂ ನಿಲ್ಲದ ಕಡೆ ಅಪ್ಪ ನಿಲ್ಲುತ್ತಿದ್ದರಲ್ಲ, ಅಲ್ಲೂ. ನನಗೆ ಮುಂದೆ ಹಾಡಲಾಗದೆ ಬಟಾಣಿಯ ಬೋಗುಣಿ ಎತ್ತಿಕೊಂಡು ಒಳಗೆ ಹೋದೆ. ನೀನು ಸಿಟ್ಟು ಅಂದುಕೊಂಡೆ ಎಂದು ಮರ್ನಾ ಆಮೇಲೆ ಫೋನಿನಲ್ಲಿ ಹೇಳಿದಳು. ಸಿಟ್ಟಲ್ಲ.

ಹಾಡುತ್ತೇನೆ. ಜುಲೈ ಮಧ್ಯದಲ್ಲಿ ನನಗೆ ರಜೆಯಿದೆ. ಮನೆಯಲ್ಲಿ ಸಂಜೆ ಹೊತ್ತು ನನಗೂ ಕೂರಲಾಗುತ್ತಿಲ್ಲ.

ಡೆಲ್ಸಿ


ಗುಡ್ಲೆಟ್ಸ್‌ವಿಲ್
ಆಗಸ್ಟ್ 20, 2024

ಸಿಸ್,

ನೀನು ಬಸ್ಸು ಹತ್ತಿ ಹೋದ ಮೇಲೆ ನಡೆದದ್ದನ್ನೆಲ್ಲ ಬರೆಯುತ್ತೇನೆ ಅಂದಿದ್ದೆ. ತಡವಾಯಿತು, ಜಗಳದಲ್ಲಿದ್ದೆ.

ನಿನ್ನ ಹಾಡಿಕೆಯ ಮೇಲೆ ಥೀಡಾ ನನ್ನ ದನಿ ಹೊದಿಸಿ ಮುಗಿಸಲು ಮೂರು ವಾರ ಹಿಡಿಯಿತು. ದೀಪ ಸಣ್ಣಗೆ ಮಾಡಿ ಕೇಳಿಸಿದಳು. ಅದು ನಾನು. ಅಣಕವಲ್ಲ, ನಾನೇ. ಅತ್ತುಬಿಟ್ಟೆ. ಕತ್ತಿನ ತೂತಿನಿಂದ ಉಸಿರಾಡುವವನು ಅಳುವುದು ನೋಡಲು ಚೆನ್ನಾಗಿರುವುದಿಲ್ಲ.

ಎರಡನೆಯ ಸಲ ಕೇಳಿದಾಗ ಒಳಗೆ ಏನೋ ಕಸಿವಿಸಿ. ಆ ದನಿಯವನಿಗೆ ಇಪ್ಪತ್ತಾರು ವರ್ಷ. ಯಾರೂ ಅವನ ಗಂಟಲು ಕೊಯ್ದಿಲ್ಲ, ಅವನು ಯಾರ ಗೋರಿಯ ಮುಂದೂ ನಿಂತಿಲ್ಲ. ನಾನು ಈ ಅರವತ್ತಾರರಲ್ಲಿ ಬರೆದ ಹಾಡನ್ನು ಮದುವೆ ಮನೆಯಲ್ಲಿ ಹಾಡುವವನಂತೆ ಹಾಡುತ್ತಿದ್ದ. ಹೊದಿಸದೆ ಬಿಟ್ಟ ನಿನ್ನ ಹಾಡಿಕೆಯನ್ನು ಹಾಕು ಎಂದು ಥೀಡಾಗೆ ಬರೆದೆ. ಕೊನೆಯ ಚರಣ ನಿನ್ನ ದನಿಯಲ್ಲಿ ಬಂದಾಗ ಹಾಡು ತನ್ನ ವಯಸ್ಸಿಗೆ ಬಂತು. ಮೊದಲ ಎರಡು ಚರಣ ಅವನದಿರಲಿ, ಕೊನೆಯದು ನಿನ್ನದು, ನಿನ್ನ ಹೆಸರಿನಲ್ಲೇ ಎಂದು ಬರೆದುಕೊಟ್ಟೆ. ಹಳೆಯ ಹಾಡಿನ ವಿಷಯವನ್ನೂ ಜೊತೆಗೇ ಹೇಳಿಬಿಡುತ್ತೇನೆ ಎಂದೆ.

ಕಂಪನಿಯ ದೊಡ್ಡ ಮನುಷ್ಯ ಹೌಹಾರಿದ. "ಯಾರಿಗ್ರೀ ಬೇಕು ಅದೆಲ್ಲ? ಜನಕ್ಕೆ ಬೇಕಾಗಿರೋದು ರಾಯ್ಸ್ ಕಾಡಿಲ್. ನಲವತ್ತು ವರ್ಷ ಆದ್ಮೇಲೆ ನೀವೇ ನಿಮ್ ಮೂರ್ತಿ ಒಡೀತೀರಾ?" ನಾನು ಯಂತ್ರವನ್ನು ಗಂಟಲಿಗೆ ಹಿಡಿದು, ಎಲ್ಲರಿಗೂ ಕೇಳುವಂತೆ, "ನನ್ನ ದನಿ ನಂದು. ತಂಗಿ ಹೆಸರು ಹಾಕ್ಲಿಲ್ಲಾಂದ್ರೆ ಕೊಡಲ್ಲ" ಅಂದೆ. ಸಭೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಮೂರು ಸಭೆಗಳಾದವು. ಕೊನೆಗೆ ಒಪ್ಪಿದರು. ಸೆಪ್ಟೆಂಬರ್ 13ಕ್ಕೆ ಬಿಡುಗಡೆ.

ಕೆಲವರು ನನಗೆ ಉಗಿಯುತ್ತಾರೆ. ನಿನ್ನನ್ನೂ ಬಿಡಲಿಕ್ಕಿಲ್ಲ. ತಯಾರಾಗಿರು.

ಬಬ್


ಜೆಂಕಿನ್ಸ್
ಅಕ್ಟೋಬರ್ 6, 2024

ಬಬ್,

ಉಗಿದರು. ನಿನಗೆ ಬಂದ ಬೈಗುಳದ ಕಾಗದಗಳಲ್ಲಿ ಎರಡನ್ನಂತೂ ಇಲ್ಲಿಂದ ನಾನೇ ಎತ್ತಿ ಕಳಿಸಿದೆ, ಕವರಿನ ಮೇಲಿನ ಬರಹ ನೋಡಿಯೇ ಗೊತ್ತಾಯಿತು. ಗುಡ್ಡದ ತುದಿಯ ಮನೆಯ ಮುದುಕಿ ಟಪಾಲು ಡಬ್ಬಿಯ ಪಕ್ಕ ನನಗಾಗಿಯೇ ಕಾದು ನಿಂತಿದ್ದಳು. "ನನ್ ಮದುವೇಲಿ ಆ ಹಾಡಿಗೆ ಕುಣಿದಿದ್ದೆ ಕಣೇ. ಅಣ್ಣ ತಂಗಿ ಸೇರ್ಕೊಂಡು ಊರಿಗೆಲ್ಲ ಟೋಪಿ ಹಾಕಿದ್ರಲ್ಲೇ!" ಅಂದಳು. ಬೈದು ಮುಗಿಸಿ, ಕಿಟಕಿಯಿಂದ ಒಳಗೆ ಕೈ ಹಾಕಿ ನನ್ನ ಭುಜ ಹಿಂಡಿದಳು. ಒಂದು ಜಾಡಿ ಸೇಬಿನ ಜಾಮು ಕೊಟ್ಟಳು.

ಈಗ ನಾನು ಬರೆಯಬೇಕೆಂದಿರುವುದಕ್ಕೆ ಬರುತ್ತೇನೆ. ನಿನಗೆ ಬೇಸರವಾದೀತು.

ಹೋದ ಭಾನುವಾರ ಚರ್ಚಿನಿಂದ ಬಂದು ಕೋಟು ತೆಗೆಯುತ್ತಿದ್ದೆ. ಫೋನು ಬಂತು. ಎತ್ತಿದೆ. "ಸಿಸ್, ಏನ್ಮಾಡ್ತಿದ್ದೀಯೇ? ಊಟ ಆಯ್ತಾ?" ಅಂದಿತು. ನಿನ್ನ ಹಳೆಯ ದನಿ. ಸ್ವಚ್ಛವಾಗಿ, ಮೇಲಕ್ಕೆ ಎತ್ತಿ, ಸ್ಟುಡಿಯೋದ ಬಾಗಿಲಲ್ಲಿ ನಿಂತು ಕರೆಯುತ್ತಿದ್ದೆಯಲ್ಲ, ಹಾಗೇ. ನಾನು ಫೋನು ಇಟ್ಟುಬಿಟ್ಟೆ. ಮತ್ತೆ ಬಂತು. ಎತ್ತಲಿಲ್ಲ. ಕೋಟು ಅರ್ಧ ತೋಳಿಗೆ ಹಾಕಿಕೊಂಡೇ ಹೊರಗೆ ಹೋಗಿ, ರಸ್ತೆಯ ಕೊನೆಯವರೆಗೆ ನಡೆದು ವಾಪಸು ಬಂದೆ.

ಆಮೇಲೆ ಮರ್ನಾ ವಿವರಿಸಿದಳು. ಥೀಡಾ ನಿನಗೆ ಟೈಪು ಮಾಡಿದ್ದನ್ನು ಆ ದನಿಯಲ್ಲಿ ಹೇಳುವ ಯಂತ್ರ ಮಾಡಿಕೊಟ್ಟಿದ್ದಾಳೆ, ನಾಲ್ಕು ವರ್ಷದ ಮೇಲೆ ಮೊದಲ ಫೋನು ನನಗೇ ಮಾಡಬೇಕೆಂದು ನೀನು ಬೆಳಿಗ್ಗೆಯಿಂದ ಕಾದಿದ್ದೆ ಅಂತ. ಫೋನು ಇಟ್ಟದ್ದು ಬೇಕೆಂದು ಮಾಡಿದ್ದಲ್ಲ ಬಬ್.

ಆ ದನಿಯಲ್ಲಿ ನೀನು ಹೊಟೇಲಿಗೆ ಫೋನು ಮಾಡು, ಡಾಕ್ಟರಿಗೆ ಮಾಡು, ಕಂಪನಿಯವರನ್ನು ಬೈಯಲು ಬಳಸು. ಹಾಡಿನಲ್ಲಿ ಬಂದರೆ ನಾನೂ ಕೂತು ಕೇಳುತ್ತೇನೆ. ನನಗೆ ಮಾತ್ರ ಅದರಲ್ಲಿ ಫೋನು ಮಾಡಬೇಡ. ಆ ದನಿಯವನು ನನ್ನ ಮನೆಗೆ ಬಂದವನಲ್ಲ. ಬಂದವನು ಆ ಜೀರುಂಡೆಯ ಡಬ್ಬಿ ಹಿಡಿದುಕೊಂಡು ಬಂದ, ನಾಲ್ಕು ಸಲ ತಪ್ಪಾಯ್ತು ಅಂದ.

ದಿನವೂ ಟಪಾಲು ಮುಗಿಸಿ ನಾಲ್ಕಕ್ಕೆ ಮನೆಯಲ್ಲಿರುತ್ತೇನೆ. ನಾಳೆ ಸೋಮವಾರ ಹಾಕಿದರೆ ಈ ಕಾಗದ ನಿನಗೆ ಬುಧವಾರ ಮುಟ್ಟುತ್ತದೆ. ಗುರುವಾರ ನಾಲ್ಕೂವರೆಗೆ ಫೋನು ಮಾಡು. ನಿಧಾನವಾಗಿ ಮಾತಾಡು. ನಾನು ಇಡುವುದಿಲ್ಲ.

ಡೆಲ್ಸಿ